ಪೀಣ್ಯದ ಸಂಜೆ ಪಾಳಿಗೆ ಮಂಜೂರಾಗಿದ್ದ ಸರಾಸರಿ ಸೂರ್ಯನನ್ನು ಹಿಂಪಡೆಯುವ ಬಗ್ಗೆ

(ಇಲಾಖೆಯ ಹೆಸರು ಬದಲಿಸುವ ಪ್ರಸ್ತಾವ ಪರಿಶೀಲನೆಯಲ್ಲಿರುವುದರಿಂದ ಹೆಸರಿನ ಜಾಗವನ್ನು ಖಾಲಿ ಬಿಡಲಾಗಿದೆ)
ದೀರ್ಘಾವಧಿ ವಿದ್ಯುತ್ ಯೋಜನಾ ಶಾಖೆ, ಬೆಂಗಳೂರು

ಸಂಖ್ಯೆ: ದೀವಿಯೋ/ಬಿಸಿಲು-ಗಾಳಿ/ಸಂಜೆ/ತಿದ್ದುಪಡಿಯ ತಿದ್ದುಪಡಿ
ದಿನಾಂಕ: ಆಷಾಢದ ಎರಡನೇ ಗುರುವಾರ, ಮೋಡ ಕವಿದ ಬೆಳಗು

ಸುತ್ತೋಲೆ

ವಿಷಯ: ಸೂರ್ಯ ಸಂಜೆ ಮುಳುಗುತ್ತಾನೆ ಎಂಬ ಅಂಶವನ್ನು ಕ್ರಿ.ಶ. ೨೦೫೦ರವರೆಗಿನ ವಿದ್ಯುತ್ ಯೋಜನೆಯಲ್ಲಿ ಅಳವಡಿಸಿಕೊಳ್ಳುವ ಬಗ್ಗೆ. ಹಾಗೂ ತತ್ಸಂಬಂಧ ಊಟದ ಬಗ್ಗೆ.

ಉಲ್ಲೇಖ:
(೧) ಈ ಶಾಖೆಯ 'ದೂರದೃಷ್ಟಿ ಯೋಜನೆ' (ಎಣ್ಣೆಯ ಕಲೆ ಇರುವ ಪ್ರತಿ).
(೨) ಈ ಶಾಖೆಯ ಹಿಂದಿನ ಸುತ್ತೋಲೆ, 'ಸರಾಸರಿಯೇ ಸಾಕು'.
(೩) ಸಂಜೆ ಪಾಳಿಯ ಮೇಸ್ತ್ರಿ ಶ್ರೀ ಯಂಕಪ್ಪನವರ ಮನವಿ, ಅದರ ಜ್ಞಾಪನೆ, ಜ್ಞಾಪನೆಯ ಜ್ಞಾಪನೆ.
(೪) ಕ್ಯಾಂಟೀನಿನ ಶ್ರೀಮತಿ ಬಸಕ್ಕನವರ ಮೌಖಿಕ ಆದೇಶ: "ಬಾಯಿ ತಗೀರಿ ಸಾಹೇಬ್ರ."

ಪ್ರಸ್ತಾವನೆ:

ಗಾಳಿ ಬಂದಾಗ ಸರಾಸರಿ ತೆಗೆದುಕೋ ಎಂದು ಹಿರಿಯರು ಹೇಳಿದ್ದಾರೆ. ಹಿರಿಯರು ಹೇಳಿದ್ದು 'ತೂರಿಕೋ' ಎಂಬ ಆಕ್ಷೇಪಣೆ ಯಾರಿಗಾದರೂ ಇದ್ದಲ್ಲಿ ಮೂರು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು. ಈ ಕೆಳಗೆ ವಿವರಿಸಿರುವುದೆಲ್ಲವೂ ನಿನ್ನೆ ಬುಧವಾರ ಪೀಣ್ಯದಲ್ಲಿ, ಹಾಗೂ ಅದಕ್ಕೂ ಮುನ್ನ ಶಾಖೆಯಲ್ಲಿ, ನಡೆದ ನಿಜ ಸಂಗತಿಯೆಂದೂ, ಶಾಖೆಯ ವತಿಯಿಂದ ಇದಕ್ಕೆ ಸೇರಿಸಿರುವುದು ಅಲ್ಪವಿರಾಮಗಳನ್ನು ಮಾತ್ರವೆಂದೂ ಈ ಮೂಲಕ ದೃಢೀಕರಿಸಲಾಗಿದೆ.

ಪೀಣ್ಯ ಎರಡನೇ ಹಂತದ ಅಡ್ಡರಸ್ತೆಯೊಂದರ ಕೊನೆಯಲ್ಲಿ ಸಣ್ಣ ಕೈಗಾರಿಕೆಗಳ ಶೆಡ್ಡುಗಳ ಸಾಲೊಂದಿದೆ. ಛಾವಣಿಯ ತುಂಬ ಸೌರಫಲಕಗಳನ್ನು ಹಾಸಲಾಗಿದೆ. ಒಳಗೆ ಲೇತು, ಡ್ರಿಲ್ಲಿಂಗು, ಗ್ರೈಂಡಿಂಗು ಯಂತ್ರಗಳು ಎರಡು ಪಾಳಿಯಲ್ಲಿ ಓಡುತ್ತವೆ. ಹಗಲಿನವರು ಮನೆಗೆ ಹೊರಟಾಗ ಅದೇ ಯಂತ್ರಗಳ ಮುಂದೆ ಸಂಜೆಯವರು ಬಂದು ನಿಲ್ಲುತ್ತಾರೆ. ಸಂಜೆಯವರಲ್ಲಿ ಹೆಚ್ಚಿನವರು ರಾಯಚೂರು, ಬಾಗಲಕೋಟೆ ಕಡೆಯಿಂದ ಬಂದು ಅಲ್ಲೇ ಹಿಂದಿನ ಗಲ್ಲಿಗಳಲ್ಲಿ ಬಾಡಿಗೆ ಕೋಣೆ ಹಿಡಿದಿರುವವರು.

ಸದರಿ ಶೆಡ್ಡುಗಳ ಇಪ್ಪತ್ತೈದು ವರ್ಷಗಳ ವಿದ್ಯುತ್ ಯೋಜನೆಯನ್ನು ಯೋಜನಾಧಿಕಾರಿ ಶ್ರೀ ಲಕ್ಷ್ಮಯ್ಯನವರು, ಅಂದರೆ ಈ ಸುತ್ತೋಲೆಗೆ ಕೊನೆಯಲ್ಲಿ ಸಹಿ ಮಾಡಿರುವವರು (ಇನ್ನು ಮುಂದೆ 'ಕೆಳಸಹಿದಾರರು'), ತಯಾರಿಸಿದರು. ಹಗಲೆಲ್ಲ ಸುರಿದ ಬಿಸಿಲನ್ನು ಒಟ್ಟುಗೂಡಿಸಿ, ಇಪ್ಪತ್ನಾಲ್ಕು ಗಂಟೆಗೆ ಭಾಗಿಸಿ, ಬಂದ ಉತ್ತರವನ್ನು ಪ್ರತಿಯೊಂದು ಗಂಟೆಯ ಮುಂದೆಯೂ ಬರೆಯಲಾಯಿತು. ತತ್ಪರಿಣಾಮವಾಗಿ ಪೀಣ್ಯದಲ್ಲಿ ರಾತ್ರಿ ಹನ್ನೊಂದಕ್ಕೂ ಹದವಾದ ಬಿಸಿಲಿತ್ತು. ಅಷ್ಟು ಬಿಸಿಲಿರುವಾಗ ಬ್ಯಾಟರಿ ಏತಕ್ಕೆಂದು ಬ್ಯಾಟರಿಯ ಸಾಲಿಗೆ ಅಡ್ಡಗೆರೆ ಎಳೆಯಲಾಯಿತು. ಚಿತ್ರದುರ್ಗದ ಗುಡ್ಡಗಳಿಂದ ಬರಬೇಕಿದ್ದ ಗಾಳಿ ವಿದ್ಯುತ್ತಿಗೂ ಅಡ್ಡಗೆರೆ. ಸಂಜೆ ಹೊರಗಿನ ಲೈನಿನಿಂದ ಬರುತ್ತಿದ್ದ ವಿದ್ಯುತ್ತನ್ನು ಬೇರೆಯವರಿಗೆ ಬಿಟ್ಟುಕೊಡಲು ಶಿಫಾರಸು ಮಾಡಲಾಯಿತು. ಶುಕ್ರವಾರ ಈ ಯೋಜನೆ ಮೇಲಿನವರ ಒಪ್ಪಿಗೆಗೆ ಹೋಗತಕ್ಕದ್ದಿತ್ತು. ಹೋಗಿದ್ದಲ್ಲಿ, ಸೂರ್ಯ ಮುಳುಗಿದ ಕೂಡಲೇ ಸಂಜೆ ಪಾಳಿಯೂ ಮುಳುಗತಕ್ಕದ್ದಿತ್ತು. ಹಗಲಿನ ಯಂತ್ರಗಳ ಮುಂದೆ ಆಗಲೇ ಜನರಿರುವುದರಿಂದ ಸಂಜೆಯವರಿಗೆ ಊರಿನ ಬಸ್ಸು ಹತ್ತುವುದಲ್ಲದೆ ಬೇರೆ ಪಾಳಿ ಇರಲಿಲ್ಲ.

ಮೇಲ್ಕಂಡ ಹಿನ್ನೆಲೆಯಲ್ಲಿ ಈ ಕೆಳಕಂಡಂತೆ ಆದೇಶಿಸಲಾಗಿದೆ.

೧. ಶ್ರೀ ಯಂಕಪ್ಪನವರು ಜ್ಞಾಪನೆಯ ಜ್ಞಾಪನೆಗೂ ಉತ್ತರ ಬಾರದ್ದರಿಂದ ಖುದ್ದಾಗಿ ಶಾಖೆಗೆ ಬಂದು, "ಸಾಹೇಬ್ರ, ಒಂದ್ಸಲ ಸಂಜೀಮುಂದ ಬಂದು ನೋಡ್ರಿ. ಹೊತ್ತು ಮುಳುಗಿದ ಮ್ಯಾಲ ನಿಮ್ಮ ಬಿಸಿಲು ಎಲ್ಲಿ ಐತಿ ತೋರಸ್ರಿ, ನಾವು ಲೇತ್ ಎತಗೊಂಡು ಅಲ್ಲೇ ಹೊಕ್ಕೀವಿ" ಎಂದು ಅರಿಕೆ ಮಾಡಿಕೊಂಡರು. ಅದಕ್ಕೆ ಕೆಳಸಹಿದಾರರು ಕನ್ನಡಕ ತೆಗೆದು ಒರೆಸುತ್ತಾ, "ರೀ ಯಂಕಪ್ಪ, ನೀವು ಒಂದು ಸಂಜೆ ನೋಡ್ತೀರ. ನಾನು ಇಪ್ಪತ್ತೈದು ವರ್ಷ ನೋಡ್ತೀನಿ. ಒಟ್ಟು ಲೆಕ್ಕದಲ್ಲಿ ಒಂದು ಚೂರೂ ಕಮ್ಮಿ ಆಗಲ್ಲ ಕಣ್ರೀ" ಎಂದು ಅಪ್ಪಣೆ ಕೊಡಿಸಿದರು. ಆದರೂ ಯೋಜನೆ ಎಷ್ಟು ಗಟ್ಟಿ ಎಂದು ತೋರಿಸುವ ಸಲುವಾಗಿ, ಒಂದು ಬುಧವಾರ ಹೊರಗಿನ ಲೈನನ್ನು ಕಡಿದು ಬರೀ ಛಾವಣಿಯ ಬಿಸಿಲಿನ ಮೇಲೆ ಯಂಕಪ್ಪನವರ ಶೆಡ್ಡೊಂದನ್ನು ನಡೆಸಿ ನೋಡಲು ಒಪ್ಪಿದರು. ತಾವು ಮಧ್ಯಾಹ್ನ ಬಂದು, ಮೂರು ಗಂಟೆಯೊಳಗೆ ಹೊರಟುಬಿಡುವುದೆಂಬ ಷರತ್ತಿತ್ತು.

ಈ ಮಾತುಕತೆಯನ್ನು ಬಾಗಿಲ ಬಳಿ ನಿಂತು ಕೇಳಿಸಿಕೊಂಡವರು ಯಂಕಪ್ಪನವರ ಜೊತೆ ಬಂದಿದ್ದ ಲೇತು ಕೆಲಸದ ಶ್ರೀ ಹನುಮೇಶ. ಇವರು ಲಿಂಗಸೂಗೂರಿನಲ್ಲಿ ಬಿ.ಎ. ಮಾಡಿದವರು, ಮೆಟ್ರೊದಲ್ಲಿ ಬಾಗಿಲು ತೆರೆಯುವ ಮುನ್ನ ಮಾತಾಡುವ ಹೆಂಗಸಿನ ದನಿಯಿಂದ ಹಿಡಿದು ಬೆಳ್ಳಂಬೆಳಗ್ಗೆ ಸೊಪ್ಪು ಮಾರುವವನ ಕೂಗಿನವರೆಗೆ ಯಾವ ದನಿಯನ್ನೂ ಒಮ್ಮೆ ಕೇಳಿದರೆ ಹಾಗೇ ಆಡಿ ತೋರಿಸದೆ ಬಿಡದವರು. ಈ ಅಂಶ ಅಂದು ಶಾಖೆಯ ಗಮನಕ್ಕೆ ಬರಲಿಲ್ಲ. ಆದ್ದರಿಂದ ಇನ್ನು ಮುಂದೆ, ಇಪ್ಪತ್ತೈದು ವರ್ಷ ಮುಂದಕ್ಕೆ ನೋಡುವ ಅಧಿಕಾರಿಗಳು ಅದಕ್ಕೂ ಮೊದಲು ಬಾಗಿಲ ಕಡೆ ಒಮ್ಮೆ ನೋಡತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ.

೨. ಕೆಳಸಹಿದಾರರು ಬುಧವಾರ ಮನೆಯ ಊಟದ ಡಬ್ಬಿಯನ್ನು ಉದ್ದೇಶಪೂರ್ವಕವಾಗಿ ಮೇಜಿನ ಮೇಲೆ ಮರೆತು ಹೊರಟರು. ಶೆಡ್ಡಿನ ಕ್ಯಾಂಟೀನಿನ ಶ್ರೀಮತಿ ಬಸಕ್ಕನವರು ಇಳಕಲ್ ಕಡೆಯವರು. ಅವರ ಬದನೆಕಾಯಿ ಎಣ್ಣೆಗಾಯಿಯ ಖ್ಯಾತಿ ಪೀಣ್ಯದಿಂದ ಜಿಗಣಿಯವರೆಗೆ, ಅಂದರೆ ಶಾಖೆಯ ಪೂರ್ಣ ವ್ಯಾಪ್ತಿಯಲ್ಲಿ, ಹಬ್ಬಿರುತ್ತದೆ. ತಪಾಸಣೆಯ ಉದ್ದೇಶಗಳ ಪೈಕಿ ಇದೂ ಒಂದೆಂದು ಪ್ರವಾಸ ಪತ್ರದಲ್ಲಿ ನಮೂದಿಸಿರಲಿಲ್ಲ. ಇನ್ನು ಮುಂದೆ ನಮೂದಿಸತಕ್ಕದ್ದು.

೩. ಮಧ್ಯಾಹ್ನ ಒಂದು ಗಂಟೆಗೆ ಕೆಳಸಹಿದಾರರು ಕೈ ತೊಳೆದು ಮೇಜಿಗೆ ಬಂದರು. ಶ್ರೀಮತಿ ಬಸಕ್ಕನವರು ದೊಡ್ಡದೊಂದು ಸ್ಟೀಲು ತಟ್ಟೆ ತಂದಿಟ್ಟರು. ತಟ್ಟೆಯ ನಟ್ಟನಡುವೆ ಕಾಲು ರೊಟ್ಟಿ. ಅದರ ಪಕ್ಕ, ಬದನೆಕಾಯಿಯ ತೊಟ್ಟು ಮತ್ತು ತೊಟ್ಟಿಗೆ ಅಂಟಿಕೊಂಡಿರುವಷ್ಟು ಬದನೆಕಾಯಿ. ತಟ್ಟೆಯ ಉಳಿದ ಭಾಗದಲ್ಲಿ ಕೆಳಸಹಿದಾರರ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು.

"ಏನಮ್ಮಾ ಇದು?" ಎಂಬ ಪ್ರಶ್ನೆಗೆ ನೀಡಲಾದ ಸಮಜಾಯಿಷಿ:

"ಸರಾಸರಿ ಐತ್ರಿ ಸಾಹೇಬ್ರ. ನೀವು ದಿನಾ ಎಷ್ಟ್ ರೊಟ್ಟಿ ತಿಂತೀರಿ ಅಂತ ನಿಮ್ಮ ಡ್ರೈವರನ್ನ ಕೇಳಿದೆ. ಮೂರೂ ಹೊತ್ತು ಸೇರಿ ಆರು ಅಂದ. ಇಪ್ಪತ್ನಾಕು ತಾಸಿಗೆ ಹಂಚಿದ್ರ ತಾಸಿಗೆ ಕಾಲು ರೊಟ್ಟಿ. ನಡುರಾತ್ರಿ ಪಾಲೂ ಐತ್ರಿ, ಬೇಕಾದ್ರ ಎಬಿಸಿ ಕೊಡ್ತೀವಿ. ಒಟ್ಟು ಲೆಕ್ಕದಾಗ ಒಂದು ಚೂರೂ ಕಮ್ಮಿ ಆಗಂಗಿಲ್ಲ."

ಕೊನೆಯ ವಾಕ್ಯ ಎಲ್ಲೋ ಕೇಳಿದಂತಿದೆ ಎಂದು ಕೆಳಸಹಿದಾರರಿಗೆ ಅನಿಸಿತು. ಎಲ್ಲಿ ಎಂದು ಹೊಳೆದ ಮೇಲೆ ತಟ್ಟೆಯಲ್ಲಿ ಕಾಣುತ್ತಿದ್ದ ಮುಖ ಸ್ವಲ್ಪ ಬದಲಾಯಿತು. ಹಸಿವು ಎಂಬುದು ಇಡೀ ದಿನದ್ದಲ್ಲ, ಆಯಾ ಹೊತ್ತಿನದು ಎಂದು ಬಾಯಿಗೆ ಬಂದ ಮಾತನ್ನು ಅವರು ಕಾಲು ರೊಟ್ಟಿಯ ಜೊತೆ ನುಂಗಿಕೊಂಡರು. ಆಡಿದ್ದರೆ ಯೋಜನೆ ಅಲ್ಲಿಗೇ ಬಿದ್ದುಹೋಗುತ್ತಿತ್ತು.

ಆದ್ದರಿಂದ, ಸರಾಸರಿಯ ಮೇಲೆ ಯೋಜನೆ ತಯಾರಿಸುವ ಎಲ್ಲ ಅಧಿಕಾರಿಗಳೂ ಸಹಿ ಮಾಡುವ ಮುನ್ನ ಒಂದು ದಿನದ ಮಟ್ಟಿಗೆ ಸರಾಸರಿ ಊಟ, ಸರಾಸರಿ ನಿದ್ದೆ ಮತ್ತು ಸರಾಸರಿ ಚಹಾ (ಅರ್ಧ ಲೋಟ ಕುದಿಯುವುದು, ಅರ್ಧ ಲೋಟ ಮಂಜುಗಡ್ಡೆ) ಸೇವಿಸತಕ್ಕದ್ದು. ಸರಾಸರಿ ನಿದ್ದೆಯನ್ನು ಕಚೇರಿಯ ವೇಳೆಯಲ್ಲೂ ಗಂಟೆಗೆ ಇಪ್ಪತ್ತು ನಿಮಿಷದಂತೆ ಮಾಡಬೇಕಾಗುವುದು. ಇದು ಈಗಾಗಲೇ ಜಾರಿಯಲ್ಲಿರುವ ಶಾಖೆಗಳಿಗೆ ಹೊಸ ಆದೇಶದ ಅಗತ್ಯವಿರುವುದಿಲ್ಲ.

೪. ಚಾಲಕ ಶ್ರೀ ಚಿಕ್ಕಮುನಿಯಪ್ಪನವರು ಪೀಣ್ಯದವರೇ. ಈ ಶೆಡ್ಡುಗಳಿರುವ ಜಾಗದಲ್ಲಿ ಒಂದು ಕಾಲಕ್ಕೆ ಅವರ ತಾತ ರಾಗಿ ಬೆಳೆಯುತ್ತಿದ್ದರು. ಅವರ ಹೆಸರು ಯಾವ ಯೋಜನೆಯಲ್ಲೂ ಇಲ್ಲದ್ದರಿಂದ ಅವರಿಗೆ ಸರಾಸರಿ ಅನ್ವಯಿಸಲಿಲ್ಲ. ಅವರು ಕೆಳಸಹಿದಾರರ ಎದುರುಗಡೆಯೇ ಕುಳಿತು ಮೂರು ರೊಟ್ಟಿ, ಇಡಿಯಾದ ಬದನೆಕಾಯಿಗಳು, ಶೇಂಗಾ ಚಟ್ನಿ ಮತ್ತು ಗಟ್ಟಿ ಮೊಸರನ್ನು ವಿಲೇವಾರಿ ಮಾಡಿದರು. ನಡುವೆ, "ಸಕ್ಕತ್ತಾಗೈತೆ ಸಾ. ಇಂಗೆ ಮಾಡೋರು ನಮ್ಮ ಕಡೆ ಇಲ್ವೇ ಇಲ್ಲ. ನೀವೂ ತಿನ್ನಿ ಸಾ... ಓ, ನಿಮ್ದು ಆಯ್ತಾ?" ಎಂದು ವಿಚಾರಿಸಿಕೊಂಡರು.

ಹಸಿದ ಮೇಲಧಿಕಾರಿಯ ಎದುರು ಚಾಲಕರು ಬೆರಳು ಚೀಪುವುದು, ನಾಲಿಗೆ ಚಪ್ಪರಿಸುವುದು ಹಾಗೂ ತೇಗುವುದನ್ನು ಈ ಮೂಲಕ ನಿರ್ಬಂಧಿಸಲಾಗಿದೆ. ತೇಗು ಅನಿವಾರ್ಯವಾದಲ್ಲಿ ವಾಹನದೊಳಗೆ ಕುಳಿತು, ಗಾಜು ಏರಿಸಿ, ತೇಗಿ ಬರತಕ್ಕದ್ದು.

೫. ಎರಡು ಗಂಟೆಯ ಕಾಲು ರೊಟ್ಟಿಯನ್ನು ತಂದವರು, ಅಂದು ಪಾಳಿಗೆ ಮುಂಚೆಯೇ ಯಂಕಪ್ಪನವರ ಜೊತೆ ಬಂದಿದ್ದ ಶ್ರೀ ಹನುಮೇಶ. ತಟ್ಟೆ ಇಟ್ಟು, ಕೈ ಕಟ್ಟಿಕೊಂಡು, ಅವರು ಒಂದು ಷರತ್ತನ್ನು ಮುಂದಿಟ್ಟರು: "ಸರ, 'ಸರಾಸರಿ ಸಾಲದು' ಅಂತ ಒಂದು ಮಾತು ನಿಮ್ಮ ಬಾಯಿಂದ ಬರ್ಲಿ, ಈಗಿಂದೀಗ ಪೂರ್ತಿ ಊಟ. ಇಲ್ಲಂದ್ರ ನಿಮ್ಮ ಲೆಕ್ಕಾನೇ ಖರೆ ಅಂತ ನಾವೂ ಒಪ್ಪಿ, ತಾಸಿಗೊಮ್ಮೆ ತಂದ್ ಕೊಡ್ತೀವಿ. ನೀವು ಮೂರಕ್ಕ ಎದ್ದು ಹೋದ್ರ ಸೋತ್ರಿ ಅಂತ ಅರ್ಥ."

ಕೆಳಸಹಿದಾರರು ಈವರೆಗೆ ಬಡ್ತಿ ಬಿಟ್ಟಿದ್ದಾರೆ, ವರ್ಗಾವಣೆ ಒಪ್ಪಿದ್ದಾರೆ. ಲೆಕ್ಕ ತಪ್ಪೆಂದು ಮಾತ್ರ ಒಪ್ಪಿದವರಲ್ಲ. "ಎಷ್ಟು ಹೊತ್ತಾದರೂ ಸರಿ, ಕೂತಿರ್ತೀನಿ ಕಣಯ್ಯ" ಎಂದುಬಿಟ್ಟರು. ಮೂರಕ್ಕೆ ಹೊರಡುವ ಅಧಿಕಾರಿಯನ್ನು ಸಂಜೆಯವರೆಗೆ ಕೂರಿಸಲು ಮನವಿ, ಜ್ಞಾಪನೆ, ಜ್ಞಾಪನೆಯ ಜ್ಞಾಪನೆ ಮೂರೂ ಸೋತಲ್ಲಿ ಕಾಲು ರೊಟ್ಟಿ ಗೆದ್ದಿತು.

೬. ಅದೇ ವೇಳೆಗೆ ಮೋಡವೊಂದು ಯಾವುದೇ ಪೂರ್ವಾನುಮತಿ ಇಲ್ಲದೆ ದಾಸರಹಳ್ಳಿಯ ಕಡೆಯಿಂದ ಬಂದು ಶೆಡ್ಡಿನ ಮೇಲೆ ನಿಂತಿತು. ಒಳಗೆ ಗ್ರೈಂಡಿಂಗು ಯಂತ್ರಗಳು ನಿಟ್ಟುಸಿರು ಬಿಟ್ಟು ನಿಂತವು. "ಸರಾಸರಿಯಲ್ಲಿ ಸರಿಹೋಗುತ್ತೆ" ಎಂದು ಕೆಳಸಹಿದಾರರು ಯಂತ್ರಗಳಿಗೆ ಸಮಾಧಾನ ಹೇಳಿದರು. ಯಂತ್ರಗಳು ಕೇಳಿಸಿಕೊಳ್ಳಲಿಲ್ಲ. ಮೋಡ ಹೋದ ಮೇಲೆ ತಾವಾಗಿ ಅಲ್ಲ, ಯಂಕಪ್ಪನವರು ಒಂದೊಂದನ್ನೇ ಮತ್ತೆ ಚಾಲೂ ಮಾಡಿದ ಮೇಲೆ ತಿರುಗಿದವು.

ಈ ಹಿನ್ನೆಲೆಯಲ್ಲಿ: ಪೀಣ್ಯದ ಮೇಲೆ ಹಾದುಹೋಗುವ ಎಲ್ಲ ಮೋಡಗಳೂ ಎರಡು ದಿನ ಮುಂಚಿತವಾಗಿ ತಮ್ಮ ಗಾತ್ರ, ಬಣ್ಣ, ತಂಗುವ ಅವಧಿಯನ್ನು ತಿಳಿಸತಕ್ಕದ್ದು. ತಿಳಿಸದೆ ಬಂದವುಗಳನ್ನು ಅಕ್ರಮ ಮೋಡಗಳೆಂದು ಪರಿಗಣಿಸಲಾಗುವುದು. ಅಂಥವು ಸ್ಥಳದಲ್ಲೇ ಮಳೆ ಸುರಿಸಿದಲ್ಲಿ ಸಕ್ರಮ ಮಾಡಿಕೊಡಲಾಗುವುದು. ಮೋಡಗಳು ಈ ಆದೇಶವನ್ನು ಪಾಲಿಸದಿರುವ ಸಾಧ್ಯತೆಯನ್ನು ಮನಗಂಡು, ಯೋಜನೆಯನ್ನು ಇನ್ನು ಮುಂದೆ ಗಂಟೆ ಗಂಟೆಗೂ ಆಕಾಶ ನೋಡಿ ತಯಾರಿಸುವುದು ಕ್ಷೇಮವೆಂದು ಶಾಖೆ ಭಾವಿಸಿದೆ.

೭. ಮೂರು ಗಂಟೆಯ ಕಾಲು ರೊಟ್ಟಿ ಬರುವವರೆಗೆ ಹೊತ್ತು ಕಳೆಯಲು ಕೆಳಸಹಿದಾರರು ತಮ್ಮ ಯೋಜನೆಯನ್ನು ತಾವೇ ಮೊದಲ ಬಾರಿಗೆ ಪೂರ್ತಿ ಓದಿದರು. ಅದನ್ನು ಯಾವುದೋ ಚಳಿ ದೇಶದ ನಮೂನೆಯ ಮೇಲೆ ಭರ್ತಿ ಮಾಡಲಾಗಿದ್ದು, ಜನವರಿಯಲ್ಲಿ ಪೀಣ್ಯದ ಮನೆಗಳನ್ನು ಬಿಸಿ ಮಾಡಲು ವಿಪುಲ ವಿದ್ಯುತ್ತನ್ನು ಎತ್ತಿಡಲಾಗಿದ್ದುದು ಕಂಡುಬಂತು. ಛಾವಣಿಯ ಹಿಮ ಗುಡಿಸಲು ಸಿಬ್ಬಂದಿಯೂ ಇತ್ತು. ಆದರೆ ಸಂಜೆ ಏಳಕ್ಕೆ ಹಿಂದಿನ ಗಲ್ಲಿಗಳಲ್ಲಿ ಒಮ್ಮೆಗೇ ತಿರುಗುವ ಮಿಕ್ಸಿ, ಫ್ಯಾನು, ಹೊಸದಾಗಿ ಕೊಂಡ ಫ್ರಿಜ್ಜುಗಳಿಗೆ ಯಾವ ಕಾಲಮ್ಮೂ ಇರಲಿಲ್ಲ. ನಮ್ಮಲ್ಲಿ ಜನ ಈಗಷ್ಟೇ ಫ್ರಿಜ್ಜು ಕೊಳ್ಳುತ್ತಿದ್ದಾರೆ ಎಂಬುದು ನಮೂನೆ ಬರೆದವರಿಗೆ ತಿಳಿಯದಿರುವುದು ಸಹಜ. ಕೆಳಸಹಿದಾರರಿಗೆ ತಿಳಿಯದಿದ್ದುದು ಹೇಗೆ ಎಂಬ ಪ್ರಶ್ನೆಯನ್ನು ಅವರು ತಮಗೆ ತಾವೇ ಕೇಳಿಕೊಂಡು, ಉತ್ತರವನ್ನು ಕಾಯ್ದಿರಿಸಿದರು.

ಹಿಮ ಗುಡಿಸುವ ಹುದ್ದೆಗಳನ್ನು ಈ ಮೂಲಕ ರದ್ದುಪಡಿಸಲಾಗಿದೆ. ಈಗಾಗಲೇ ನೇಮಕವಾಗಿದ್ದಲ್ಲಿ ಫಲಕಗಳ ಮೇಲಿನ ಪೀಣ್ಯದ ಧೂಳನ್ನು ಗುಡಿಸತಕ್ಕದ್ದು. ಅದೂ ಹಿಮದಷ್ಟೇ ದಪ್ಪವಿರುತ್ತದೆ.

೮. ನಾಲ್ಕು ಗಂಟೆಗೆ ಸಂಜೆ ಪಾಳಿಯ ಉಳಿದವರೂ ಬಂದರು. ಶಾಖೆಯ ಹಿಂದಿನ ಸುತ್ತೋಲೆಯಂತೆ, ವರ್ತೂರಿನಲ್ಲಿ ಮನೆ ಮಾಡಿ ಪೀಣ್ಯದಲ್ಲಿ ಕೆಲಸ ಮಾಡುವವರು ಸರಾಸರಿ ಹೆಬ್ಬಾಳದಲ್ಲಿ ಇರುತ್ತಾರೆಂದು ದಾಖಲಿಸಲಾಗಿತ್ತು. ಅಂಥ ಒಬ್ಬರನ್ನು ಕೆಳಸಹಿದಾರರು ಫೋನಿನಲ್ಲಿ ವಿಚಾರಿಸಲಾಗಿ, ಅವರು ನಿಜಕ್ಕೂ ಹೆಬ್ಬಾಳದ ಮೇಲ್ಸೇತುವೆಯ ಮೇಲೆಯೇ ಇದ್ದರು. ಬಹಳ ಹೊತ್ತಿನಿಂದ ಅಲ್ಲೇ ಇದ್ದರು. ಆದ್ದರಿಂದ ಎಲ್ಲ ಸರಾಸರಿಗಳ ಪೈಕಿ ಇದೊಂದನ್ನು ಮಾತ್ರ ಮುಂದುವರಿಸಲಾಗಿದೆ.

೯. ಐದು ಗಂಟೆಗೆ ಆಷಾಢದ ಗಾಳಿ ಎದ್ದಿತು. ಶೆಡ್ಡಿನ ತಗಡು ಬಡಿದುಕೊಂಡಿತು. ಕೆಳಸಹಿದಾರರ ಕೈಯಲ್ಲಿದ್ದ ಯೋಜನೆಯ ಹಾಳೆಗಳು ಅಂಗಳಕ್ಕೆ ಹಾರಿದವು. ಸಂಜೆ ಪಾಳಿಯ ಜನರೆಲ್ಲ ಓಡಾಡಿ ಹಿಡಿದು ತಂದುಕೊಟ್ಟರು. ತಮ್ಮನ್ನೇ ಊರಿಗೆ ಅಟ್ಟುವ ಹಾಳೆಗಳನ್ನು ಒಂದೂ ಬಿಡದೆ, ಮಣ್ಣು ಕೊಡವಿ, ಪುಟದ ಕ್ರಮದಲ್ಲಿ ಜೋಡಿಸಿ ಕೊಟ್ಟರು. ಕೊಡುವಾಗ ಯಂಕಪ್ಪನವರು ಇಷ್ಟೇ ಹೇಳಿದರು: "ನೋಡ್ರಿ ಸಾಹೇಬ್ರ, ನೀವು ಗೆರಿ ಹೊಡದು ತಗದ ಗಾಳಿ ಇದ. ಸಿಟ್ಟಾಗೇತಿ."

ಕೆಳಸಹಿದಾರರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಹಾಳೆಗಳು ಮತ್ತೆ ಹಾರದಂತೆ ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು. ಈ ಜೇಬನ್ನು ದಯವಿಟ್ಟು ನೆನಪಿನಲ್ಲಿಡತಕ್ಕದ್ದು.

ಗಾಳಿಗೆ ಸಂಬಂಧಿಸಿದಂತೆ: ಆಷಾಢದಲ್ಲಿ ಒಳ್ಳೆಯ ಕೆಲಸ ಶುರು ಮಾಡಬಾರದೆಂಬ ನೆಪವೊಡ್ಡಿ ಗಾಳಿ ವಿದ್ಯುತ್ತಿನ ಕರಾರಿಗೆ ಸಹಿ ಹಾಕದೆ ಬಿಡುವ ಪದ್ಧತಿ ಶಾಖೆಯಲ್ಲಿ ಲಾಗಾಯ್ತಿನಿಂದಲೂ ಇದೆ. ಮೋಡ ಕವಿದು ಬಿಸಿಲು ರಜೆ ಹಾಕುವುದು ಆಷಾಢದಲ್ಲಿ; ಗಾಳಿ ಮೈಮುರಿದು ದುಡಿಯುವುದೂ ಅದೇ ಆಷಾಢದಲ್ಲಿ. ಒಬ್ಬರ ರಜೆಯಲ್ಲಿ ಇನ್ನೊಬ್ಬರು ಕೆಲಸಕ್ಕೆ ಬರುವ ಇಂಥ ಹೊಂದಾಣಿಕೆ ಈ ಶಾಖೆಯ ಯಾವ ಇಬ್ಬರು ನೌಕರರಲ್ಲೂ ಕಂಡುಬಂದಿಲ್ಲವಾದ್ದರಿಂದ, ಬಿಸಿಲು-ಗಾಳಿಗಳನ್ನು ಮಾದರಿ ಸಿಬ್ಬಂದಿಯೆಂದು ಘೋಷಿಸಲಾಗಿದೆ. ಆದರೂ ಇಬ್ಬರೂ ಒಂದೇ ದಿನ ರಜೆ ಹಾಕುವ ಸಂದರ್ಭವಿರುವುದರಿಂದ ಮೂರನೆಯವರೊಬ್ಬರನ್ನು (ಬ್ಯಾಟರಿ, ಇಲ್ಲವೇ ಹೊರಗಿನ ಲೈನು) ಸಿದ್ಧವಾಗಿ ಇಟ್ಟುಕೊಂಡಿರತಕ್ಕದ್ದು.

೧೦. ಆರು ಗಂಟೆಗೆ ಕಾಲು ರೊಟ್ಟಿ. ಈ ವೇಳೆಗೆ ಕೆಳಸಹಿದಾರರು ಅದನ್ನು ಗಾಳಿಗೆ ಬಿಡದೆ ಎರಡೂ ಕೈಯಲ್ಲಿ ಹಿಡಿದುಕೊಂಡು ತಿನ್ನುತ್ತಿದ್ದುದನ್ನು ಚಾಲಕರು ವಾಹನದ ಗಾಜಿನ ಮೂಲಕ ನೋಡಿರುತ್ತಾರೆ.

ಹೊತ್ತು ಇಳಿಯುತ್ತಾ ಬಂದಂತೆ ದೀಪಗಳು ಹಳದಿಯಾದವು, ಆಮೇಲೆ ಕೆಂಪಗಾದವು. ಅಪಾಯವಾಗದಿರಲೆಂದು ಯಂಕಪ್ಪನವರು ಮುಂಚಿತವಾಗಿಯೇ ಯಂತ್ರಗಳಿಂದ ಕೆಲಸ ಇಳಿಸಿ, ಎಲ್ಲರನ್ನೂ ಗೋಡೆಯ ಪಕ್ಕ ನಿಲ್ಲಿಸಿದ್ದರು. ಕೊನೆಯ ಲೇತು ಗುಂಯ್‌ ಎನ್ನುತ್ತಾ, ಗುಂ ಎನ್ನುತ್ತಾ,  ಏನೂ ಅನ್ನದಾಯಿತು. ಪಕ್ಕದ ಶೆಡ್ಡಿನ ದೀಪ ಉರಿಯುತ್ತಿತ್ತು, ಆಚೆ ರಸ್ತೆಯ ದೀಪ ಉರಿಯುತ್ತಿತ್ತು. ಈ ಶೆಡ್ಡಿನಲ್ಲಿ ಮಾತ್ರ, ಯೋಜನೆಯ ಪ್ರಕಾರ ಹದವಾದ ಬಿಸಿಲಿದ್ದ ಏಳು ಗಂಟೆಗೆ, ಮೂಗಿನ ಮುಂದಿನ ಕೈ ಕಾಣದಾಯಿತು.

ಕತ್ತಲಲ್ಲಿ ಗೋಡೆಯುದ್ದಕ್ಕೂ ನಿಂತವರ ಉಸಿರು ಮಾತ್ರ ಕೇಳುತ್ತಿತ್ತು. ಅಷ್ಟೊಂದು ಜನ ಕೆಲಸವಿಲ್ಲದೆ ನಿಂತಾಗ ಎಂಥ ಸದ್ದಿರುತ್ತದೆ ಎಂಬುದಕ್ಕೆ ಯೋಜನೆಯಲ್ಲಿ ಕಾಲಮ್ಮು ಇರಲಿಲ್ಲ. ಕೆಳಸಹಿದಾರರು ಅದನ್ನು ಕೇಳಿಸಿಕೊಂಡರು ಎಂದಷ್ಟೇ ಇಲ್ಲಿ ದಾಖಲಿಸಲಾಗಿದೆ.

ಆಮೇಲೆ ಅವರು ಮೆಲ್ಲಗೆ, "ಯಾರಾದರೂ ಲೈಟು ಹಾಕ್ರೀ..." ಎಂದರು.

ಅದಕ್ಕೆ ಕತ್ತಲೊಳಗಿಂದ ಉತ್ತರ ಬಂತು. ಬಂದದ್ದು ಕೆಳಸಹಿದಾರರ ದನಿಯಲ್ಲೇ. ಅದೇ ಗೊಗ್ಗರು, ಅದೇ ಕನ್ನಡಕ ಒರೆಸುವಷ್ಟು ಹೊತ್ತಿನ ನಿಲುಗಡೆ, 'ಸೂಚಿಸಲಾಗಿದೆ' ಎಂಬಲ್ಲಿ ಅದೇ ಮೂಗಿನ ರಾಗ: "ರೀ ಲಕ್ಷ್ಮಯ್ಯ, ಒಟ್ಟು ಲೆಕ್ಕದಲ್ಲಿ ಈಗಲೂ ಬೆಳಕಿದೆ ಎಂದು ಈ ಮೂಲಕ ಸೂಚಿಸಲಾಗಿದೆ. ಕತ್ತಲೆ ಕಂಡುಬಂದಲ್ಲಿ ಅದು ನಿಮ್ಮ ವೈಯಕ್ತಿಕ ಅಭಿಪ್ರಾಯ. ಮನವಿ ಇದ್ದರೆ ಬೆಳಗ್ಗೆ ಬನ್ನಿ."

ಅಷ್ಟರಲ್ಲಿ ಶ್ರೀಮತಿ ಬಸಕ್ಕನವರು ಏಳು ಗಂಟೆಯ ಪಾಲನ್ನು ಹಿಡಿದು ತಡಕಾಡುತ್ತಾ ಬಂದರು. "ಬಾಯಿ ತಗೀರಿ ಸಾಹೇಬ್ರ, ನನಗ ಏನೂ ಕಾಣವಲ್ತು" ಎಂದು ಉಲ್ಲೇಖ (೪)ರ ಆದೇಶ ಹೊರಡಿಸಿ, ಎಣ್ಣೆಗಾಯಿ ತುಂಬಿದ ಕಾಲು ರೊಟ್ಟಿಯನ್ನು ಬಾಯಿಯೆಂದು ಭಾವಿಸಿ ಕೆಳಸಹಿದಾರರ ಅಂಗಿಯ ಜೇಬಿನೊಳಗೆ, ಅಂದರೆ ನೇರವಾಗಿ ದೂರದೃಷ್ಟಿ ಯೋಜನೆಯೊಳಗೆ, ತುರುಕಿದರು. "ಅಗೀರಿ" ಎಂದೂ ಹೇಳಿದರು.

ಆಗ ಯಾರೋ ನಕ್ಕರು.

೧೧. ಸದರಿ ನಗು ಮೊದಲು ಮೂಗಿನಲ್ಲಿ ಶುರುವಾಗಿ, ಕೆಮ್ಮಾಗಿ, ಆಮೇಲೆ ಶೆಡ್ಡಿನ ತಗಡಿಗೆ ಬಡಿದು ವಾಪಸಾಗುವಷ್ಟು ದೊಡ್ಡದಾಯಿತು. ಯಂಕಪ್ಪನವರು ಹೊರಗಿನ ಲೈನಿನ ಸ್ವಿಚ್ಚನ್ನು ಹುಡುಕಿ ಮೇಲೆತ್ತಿದ ಮೇಲೂ ಅದು ನಿಲ್ಲಲಿಲ್ಲ. ಕತ್ತಲಲ್ಲಿ ಇಷ್ಟು ಜೋರಾಗಿ ನಕ್ಕು ಸರ್ಕಾರಿ ಯೋಜನೆಯ ಘನತೆಗೆ ಕುಂದು ತಂದವರು ಯಾರೆಂದು ಪತ್ತೆ ಹಚ್ಚಲು ಸ್ಥಳದಲ್ಲೇ ಏಕಸದಸ್ಯ ವಿಚಾರಣಾ ಸಮಿತಿಯನ್ನು ರಚಿಸಲಾಯಿತು. ಸಮಿತಿಯ ವರದಿ ಕಂಡಿಕೆ ೧೩ರಲ್ಲಿದೆ. ಅದಕ್ಕೂ ಮುನ್ನ ಆಡಳಿತಾತ್ಮಕವಾಗಿ ಮಾಡಬೇಕಾದ್ದನ್ನು ಮಾಡಿ ಮುಗಿಸಲಾಗಿದೆ.

೧೨. (ಅ) ಸೂರ್ಯ ಸಂಜೆ ಮುಳುಗುತ್ತಾನೆ ಎಂಬುದನ್ನು ಶಾಖೆಯು ತಾತ್ವಿಕವಾಗಿ ಒಪ್ಪಿಕೊಂಡಿದೆ. ಇದು ೨೦೫೦ರವರೆಗೆ ಜಾರಿಯಲ್ಲಿರುತ್ತದೆ, ಅನಂತರ ವಿಸ್ತರಿಸಲಾಗುವುದು.

(ಆ) ದೂರದೃಷ್ಟಿ ಯೋಜನೆ ಶುಕ್ರವಾರ ಮೇಲಕ್ಕೆ ಹೋಗುವುದಿಲ್ಲ. ಎಣ್ಣೆಯ ಕಲೆ ಸರಿಯಾಗಿ ಸರಾಸರಿಯ ಕಾಲಮ್ಮಿನ ಮೇಲೆಯೇ ಹರಡಿದ್ದು, ಆ ಕಾಲಮ್ಮನ್ನು ಓದಲು ಬಾರದಾಗಿದೆ. ಓದಲು ಬರುತ್ತಿದ್ದಾಗಲೂ ಅದರಿಂದ ಪ್ರಯೋಜನವಿರಲಿಲ್ಲವಾದ್ದರಿಂದ, ಗಂಟೆ ಗಂಟೆಯ ಲೆಕ್ಕವಿಟ್ಟು ಹೊಸದಾಗಿ ತಯಾರಿಸತಕ್ಕದ್ದು.

(ಇ) ಬ್ಯಾಟರಿಯನ್ನು ಮರಳಿ ಸೇರಿಸಲಾಗಿದೆ. ಬ್ಯಾಟರಿ ಎಂದರೇನೆಂದು ಕೇಳುವ ಮೇಲಧಿಕಾರಿಗಳಿಗೆ, ಅದು ವಿದ್ಯುತ್ತಿನ ಬುತ್ತಿ, ಮಧ್ಯಾಹ್ನ ಕಟ್ಟಿಟ್ಟದ್ದನ್ನು ಸಂಜೆ ಬಿಚ್ಚಿ ಉಣ್ಣುವುದು ಎಂದು ವಿವರಿಸತಕ್ಕದ್ದು. ಹಸಿದಿರುವ ವೇಳೆ ನೋಡಿ ವಿವರಿಸಿದರೆ ಬೇಗ ಅರ್ಥವಾಗುತ್ತದೆ.

(ಈ) ಚಿತ್ರದುರ್ಗದ ಗಾಳಿಯ ಮೇಲಿನ ಅಡ್ಡಗೆರೆಯನ್ನು ಅಳಿಸಲಾಗಿದೆ. ಸಂಜೆಯ ಲೈನನ್ನು ಯಾರಿಗೂ ಬಿಟ್ಟುಕೊಡತಕ್ಕದ್ದಲ್ಲ.

(ಉ) ಸಂಜೆ ಪಾಳಿ ಎಂದಿನಂತೆ ನಡೆಯುವುದು. ಊರಿಗೆ ಬಸ್ಸು ಹತ್ತಲು ಚೀಲ ಕಟ್ಟಿಟ್ಟುಕೊಂಡವರು ಯಾರಾದರೂ ಇದ್ದಲ್ಲಿ ಬಿಚ್ಚತಕ್ಕದ್ದು.

(ಊ) ಶ್ರೀ ಹನುಮೇಶ ಅವರು ಕೆಳಸಹಿದಾರರ ದನಿಯನ್ನು ಅನುಮತಿಯಿಲ್ಲದೆ ಬಳಸಿರುವುದು ಗಂಭೀರ ವಿಷಯ. ಇನ್ನು ಮುಂದೆ ಸದರಿ ದನಿಯನ್ನು ತಿಂಗಳಿಗೊಮ್ಮೆ, ಕೆಳಸಹಿದಾರರು ಹಾಜರಿರುವಾಗ, ಅವರ ಕೋರಿಕೆಯ ಮೇರೆಗೆ ಮಾತ್ರ ಬಳಸತಕ್ಕದ್ದು. 'ಸೂಚಿಸಲಾಗಿದೆ' ಎಂಬಲ್ಲಿ ಮೂಗಿನ ರಾಗ ತುಸು ಹೆಚ್ಚಾಯಿತೆಂದು ಕೆಳಸಹಿದಾರರ ಅಭಿಪ್ರಾಯ. ಹೆಚ್ಚಾಗಿಲ್ಲವೆಂದು, ಅದನ್ನು ರಾತ್ರಿ ಫೋನಿನಲ್ಲಿ ಕೇಳಿಸಿಕೊಂಡ ಅವರ ಶ್ರೀಮತಿಯವರ ಅಭಿಪ್ರಾಯ.

(ಋ) ಶ್ರೀಮತಿ ಬಸಕ್ಕನವರು ದೀಪ ಬಂದ ಮೇಲೆ ತಡೆಹಿಡಿದಿದ್ದ ಅಷ್ಟೂ ರೊಟ್ಟಿಗಳನ್ನು ಒಂದೇ ಕಂತಿನಲ್ಲಿ ಬಿಡುಗಡೆ ಮಾಡಿರುತ್ತಾರೆ.

೧೩. ವಿಚಾರಣಾ ಸಮಿತಿಯ ವರದಿ. ದಾಖಲಿಸಿಕೊಂಡ ಹೇಳಿಕೆಗಳು:

ಶ್ರೀ ಯಂಕಪ್ಪ: "ನಾ ಸ್ವಿಚ್ ಹುಡುಕಾಕ ಹತ್ತಿದ್ನಿರಿ. ನಗಾಕ ಪುರುಸೊತ್ತ ಎಲ್ಲಿತ್ರಿ? ಸ್ವಿಚ್ ಸಿಕ್ಕ ಮ್ಯಾಲ ನಕ್ಕೆ."

ಶ್ರೀಮತಿ ಬಸಕ್ಕ: "ನಕ್ಕೀನ್ರಿ, ಸುಳ್ಳ್ಯಾಕ ಹೇಳ್ಲಿ. ಆದ್ರ ಬಾಯಾಗ ಸೆರಗು ಇಟಗೊಂಡು ನಕ್ಕೀನಿ. ಅದು ಹೊರಗ ಕೇಳೂದಿಲ್ರಿ."

ಶ್ರೀ ಹನುಮೇಶ: ಇವರು "ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು" ಎಂದು ಉತ್ತರಿಸಿದ್ದು, ಹೇಳಿಕೆ ಅವರದೋ ವಿಚಾರಣಾಧಿಕಾರಿಯದೋ ಎಂಬ ಗೊಂದಲವಾದ್ದರಿಂದ ಕೈಬಿಡಲಾಗಿದೆ.

ಶ್ರೀ ಚಿಕ್ಕಮುನಿಯಪ್ಪ: "ನಾನು ಆಚೆ ಕಾರಲ್ಲಿ ಮಲಗಿದ್ದೆ ಸಾ. ಆ ನಗಾ ಕೇಳ್ಬುಟ್ಟೇ ಎಚ್ಚರ ಆಗಿದ್ದು. ಎಷ್ಟು ವರ್ಷದಿಂದ ನಿಮ್ ಗಾಡಿ ಓಡಿಸ್ತಾ ಇವ್ನಿ, ಆ ನಗಾ ಒಂದಪನೂ ಕೇಳಿರ್ಲಿಲ್ಲ. ಯಾರಪ್ಪಾ ಇಂಗ್ ನಗೋರು ಅಂತ ನೋಡಾಕೆ ಓಡಿ ಬಂದೆ. ನೋಡಿದ್ರೆ..." ಇಲ್ಲಿ ಸಾಕ್ಷಿಯು ಸಮಿತಿಯ ಕಡೆ ಕೈ ತೋರಿಸಿರುತ್ತಾರೆ.

ಸಮಿತಿಯ ತೀರ್ಮಾನ: ದೀಪ ಹತ್ತಿದಾಗ ಗೋಡೆಯ ಪಕ್ಕ ನಿಂತಿದ್ದವರೆಲ್ಲ ಸಾಹೇಬರಿಗೆ ಸಿಟ್ಟು ಬಂದೀತೆಂದು ಬಾಯಿ ಮುಚ್ಚಿಕೊಂಡಿದ್ದರು. ಒಂದೇ ಒಂದು ಬಾಯಿ ಮಾತ್ರ ಅಗಲವಾಗಿ ತೆರೆದಿದ್ದು, ಕಣ್ಣಿನಿಂದ ನೀರು ಇಳಿಯುತ್ತಿತ್ತು. ಒಂದು ಕೈ ಹೊಟ್ಟೆಯ ಮೇಲೂ, ಇನ್ನೊಂದು ಎಣ್ಣೆ ಸೋರುತ್ತಿದ್ದ ಅಂಗಿಯ ಜೇಬಿನ ಮೇಲೂ ಇತ್ತು. "ಸಾಲದು ಕಣಯ್ಯಾ, ಸರಾಸರಿ ಸಾಲದು!" ಎಂದು ಅದೇ ಬಾಯಿ ನಗುವಿನ ನಡುವೆಯೇ ಕೂಗಿದ್ದನ್ನು ಇಡೀ ಪಾಳಿ ಕೇಳಿರುತ್ತದೆ. ಅದನ್ನು ಕೇಳಿದ ಮೇಲಷ್ಟೇ ಉಳಿದವರೂ ಬಾಯಿ ಬಿಟ್ಟಿರುತ್ತಾರೆ. ಆದರೂ ಎಲ್ಲರ ನಗುವನ್ನೂ ಕೂಡಿಸಿ ತೂಗಿದಲ್ಲಿ ಮೊದಲಿನದರ ಅರ್ಧಕ್ಕೂ ಬರಲಿಲ್ಲ.

ಸದರಿ ವ್ಯಕ್ತಿಯ ಸಹಿಯನ್ನು ಗುರುತಿಗಾಗಿ ಕೆಳಗೆ ಪಡೆಯಲಾಗಿದೆ.

(ಸಹಿ) ಲಕ್ಷ್ಮಯ್ಯ
ಯೋಜನಾಧಿಕಾರಿ, ದೀರ್ಘಾವಧಿ ವಿದ್ಯುತ್ ಯೋಜನಾ ಶಾಖೆ
ಹಾಗೂ ಅಧ್ಯಕ್ಷರು, ಸದಸ್ಯರು ಮತ್ತು ಆರೋಪಿ, ನಗು ವಿಚಾರಣಾ ಸಮಿತಿ

ಪ್ರತಿಗಳು:
೧. ಸೂರ್ಯ: ಬೆಳಗಿನ ಅಂಚೆಯಲ್ಲಿ ಕಳುಹಿಸುವುದು. ಸಂಜೆ ವಿಳಾಸದಲ್ಲಿ ಸಿಗುವುದಿಲ್ಲ.
೨. ಎಲ್ಲ ಮೋಡಗಳಿಗೆ, ಸೂಕ್ತ ಮಾರ್ಗದ ಮೂಲಕ (ಗಾಳಿ).
೩. ಗಾಳಿ: ಪ್ರತಿಯನ್ನು ಅದೇ ತೆಗೆದುಕೊಂಡು ಹೋಗಿದೆ.
೪. ಚಳಿ ದೇಶದ ನಮೂನೆ ತಯಾರಕರಿಗೆ, ಒಂದು ಚಿಟಿಕೆ ಪೀಣ್ಯದ ಧೂಳಿನ ಸಮೇತ.
೫. ಹೆಬ್ಬಾಳದ ಮೇಲ್ಸೇತುವೆಯ ಮೇಲಿರುವ ನೌಕರರಿಗೆ, ತಲುಪಿದಾಗ.
೬. ಶ್ರೀ ಯಂಕಪ್ಪ ಮತ್ತು ಸಂಜೆ ಪಾಳಿಯವರಿಗೆ: ಬೆಳಕಿನಲ್ಲಿ ಓದಿಕೊಳ್ಳುವುದು.
೭. ಶ್ರೀ ಹನುಮೇಶ: ಜೋರಾಗಿ ಓದಿ ಹೇಳುವ ಸಲುವಾಗಿ, ಯಾರ ದನಿಯಲ್ಲಾದರೂ ಸರಿ.
೮. ಶ್ರೀಮತಿ ಬಸಕ್ಕ: ಇಡೀ ಪ್ರತಿ. ಕಾಲು ಪ್ರತಿ ಕಳುಹಿಸತಕ್ಕದ್ದಲ್ಲ.
೯. ಕಚೇರಿ ಕಡತಕ್ಕೆ: ಕೆಳಸಹಿದಾರರ ನಗು ನಿಂತ ಮೇಲೆ.